ಗೋರಿ ಮೇಲೆ ಒಂಟೆ ಯಾಕೆ?

ಮೇಷ್ಟ್ರೇ, ನಮಸ್ಕಾರ.

ಅಮೆರಿಕಕ್ಕೆ ಹೋದವರು ಸಾಮಾನ್ಯವಾಗಿ ಗ್ರ್ಯಾಂಡ್ ಕ್ಯಾನಿಯನ್ ಬಗ್ಗೆ ಬರೆದು ಕಳಿಸುತ್ತಾರೆ. ನೀವು ಫೀನಿಕ್ಸ್‌ನ ಮಗಳ ಮನೆಯಿಂದ ಇನ್ನೂರು ಕಿಲೋಮೀಟರ್ ಹೋಗಿ, ಅರಿಝೋನಾ ಮರಳುಗಾಡಿನ ಕ್ವಾರ್ಟ್ಜ್‌ಸೈಟ್ ಎಂಬ ಪುಟ್ಟ ಊರಿನ ಸ್ಮಶಾನ ನೋಡಿ ಬಂದಿದ್ದೀರಿ. ಪತ್ರ ಓದಿ ಖುಷಿಯಾಯಿತು. ಅಲ್ಲಿನ ಒಂದು ಗೋರಿ ಪಿರಮಿಡ್ ಆಕಾರದಲ್ಲಿದೆ, ತುದಿಯಲ್ಲಿ ತಾಮ್ರದ ಒಂಟೆ ಇದೆ, ಯಾಕೆ ಅಂತ ಕೇಳಿದ್ದೀರಿ. ಅಲ್ಲಿ ಮಲಗಿರುವ ಹಾಯ್ ಜಾಲಿ ಕೊನೆಯ ಒಂಟೆಯ ಕೊರಳು ತಬ್ಬಿಕೊಂಡೇ ಸತ್ತನಂತೆ, ನಿಜವೇ ಅಂತಲೂ ಕೇಳಿದ್ದೀರಿ.

ಹಾಯ್ ಜಾಲಿ ಎಂಬ ಹೆಸರು ಓದಿ ನಿಮಗೆ ನಮ್ಮ ಜಾಲಿ ಮುಳ್ಳು ನೆನಪಾಯಿತಂತೆ. ಒಂಟೆಗೂ ಮುಳ್ಳಿಗೂ ನಂಟು ಇದ್ದೇ ಇದೆ ಬಿಡಿ! ಆದರೆ ಮೂಲ ಹೆಸರು ಹಾಜಿ ಅಲಿ. ಅಮೆರಿಕನ್ನರ ನಾಲಿಗೆಯಲ್ಲಿ ಅದು ಹೀಗಾಯಿತು.

1855ರಲ್ಲಿ ಅಮೆರಿಕದ ಸಂಸತ್ತು ಸೈನ್ಯಕ್ಕೆ ಒಂಟೆ ಕೊಳ್ಳಲು 30,000 ಡಾಲರ್ ಕೊಟ್ಟಿತು. ನೀರಿಲ್ಲದ ನಾಡಿನಲ್ಲಿ ಹೇಸರಗತ್ತೆಗಿಂತ ಒಂಟೆ ವಾಸಿ ಎಂದು ಹಟ ಹಿಡಿದವರು ಯುದ್ಧಮಂತ್ರಿ ಜೆಫರ್ಸನ್ ಡೇವಿಸ್. 1856ರ ಮೇ ತಿಂಗಳಲ್ಲಿ ಟೆಕ್ಸಸ್‌ನ ಇಂಡಿಯಾನೋಲಾ ಬಂದರಿಗೆ 34 ಒಂಟೆಗಳು ಬಂದವು. ಮರುವರ್ಷ ಇನ್ನೂ 41. ಅವುಗಳನ್ನು ನೋಡಿಕೊಳ್ಳಲು ಬಂದವರಲ್ಲಿ ಸಿರಿಯಾದ ಈ ಹಾಜಿ ಅಲಿಯೂ ಒಬ್ಬ. 1857ರಲ್ಲಿ ಎಡ್ವರ್ಡ್ ಬೀಲ್ ಎಂಬಾತ ಒಂಟೆಗಳನ್ನು ಕಟ್ಟಿಕೊಂಡು ಮರಳುಗಾಡಿನಲ್ಲಿ ರಸ್ತೆ ಗುರುತಿಸಲು ಹೊರಟ. ಅವು ಕೊಲೊರಾಡೊ ನದಿಯನ್ನೂ ಈಜಿ ದಾಟಿದವು. ಬೀಲ್‌ಗೆ ಒಂಟೆ ಅಂದ್ರೆ ಪ್ರಾಣ. ಉಳಿದವರಿಗೆ ಅದರ ವಾಸನೆಯೇ ಆಗುತ್ತಿರಲಿಲ್ಲ. ಕುದುರೆ, ಹೇಸರಗತ್ತೆಗಳಂತೂ ಒಂಟೆ ಕಂಡರೆ ಬೆದರಿ ಓಡುತ್ತಿದ್ದವು.

ಅಷ್ಟರಲ್ಲಿ ಅಂತರ್ಯುದ್ಧ ಶುರುವಾಯಿತು. ಡೇವಿಸ್ ಅಮೆರಿಕದಿಂದ ಸಿಡಿದು ಹೋದ ದಕ್ಷಿಣದ ರಾಜ್ಯಗಳ ಅಧ್ಯಕ್ಷರಾದರು. ಶತ್ರು ಹಾಕಿದ ಯೋಜನೆಯನ್ನು ಯಾರು ಮುಂದುವರಿಸುತ್ತಾರೆ ಹೇಳಿ? ಒಂಟೆಗಳು ಹರಾಜಾದವು. ಹಾಯ್ ಜಾಲಿ ಕೆಲವನ್ನು ಇಟ್ಟುಕೊಂಡು ಗಣಿಗಳಿಗೆ ಸಾಮಾನು ಸಾಗಿಸಿ ನೋಡಿದ. ಗಿಟ್ಟಲಿಲ್ಲ. ಒಂಟೆಗಳನ್ನು ಮರಳುಗಾಡಿಗೇ ಬಿಟ್ಟುಬಿಟ್ಟ.

ನನಗೆ ಆಮೇಲಿನ ಬದುಕೇ ಜಾಸ್ತಿ ಕುತೂಹಲ. ಸೈನ್ಯಕ್ಕೆ ಹೇಸರಗತ್ತೆ ಮೇಲೆ ಸಾಮಾನು ಹೇರಿಕೊಂಡು ಹೋಗುವ ಕೆಲಸ, ದಾರಿ ತೋರಿಸುವ ಕೆಲಸ. 1880ರಲ್ಲಿ ಫಿಲಿಪ್ ಟೆಡ್ರೊ ಎಂಬ ಹೆಸರಿನಲ್ಲಿ ಪೌರತ್ವ ಪಡೆದ. ಅದೇ ವರ್ಷ ಟೂಸಾನ್‌ನಲ್ಲಿ ಗರ್ಟ್ರೂಡಿಸ್ ಸೆರ್ನಾಳನ್ನು ಮದುವೆಯಾದ. ಇಬ್ಬರು ಹೆಣ್ಣುಮಕ್ಕಳಾದರು. ಕೊನೆಗಾಲದಲ್ಲಿ ಕ್ವಾರ್ಟ್ಜ್‌ಸೈಟ್ ಸುತ್ತಮುತ್ತ ಅದಿರು ಹುಡುಕುತ್ತಿದ್ದ. ಒಂಟೆ ಜೊತೆ ಕಳೆದದ್ದಕ್ಕಿಂತ ಹೇಸರಗತ್ತೆ, ಗುದ್ದಲಿ ಜೊತೆ ಕಳೆದ ವರ್ಷಗಳೇ ಹೆಚ್ಚು. ಆದರೂ ಜನಕ್ಕೆ ಒಂಟೆಯೇ ಬೇಕು. ಹೇಸರಗತ್ತೆಯ ಬೊಂಬೆ ಇಟ್ಟಿದ್ದರೆ ನೀವೂ ಕಾರು ನಿಲ್ಲಿಸುತ್ತಿರಲಿಲ್ಲ, ಅಲ್ವಾ?

ಕೊರಳು ತಬ್ಬಿಕೊಂಡ ಕಥೆ ದಂತಕಥೆಯೇ. ಆತ ಊರಲ್ಲೇ, 1902ರ ಡಿಸೆಂಬರ್ 16ರಂದು ಸತ್ತ. ಪಿರಮಿಡ್ ಕಟ್ಟಿಸಿದ್ದು 33 ವರ್ಷದ ನಂತರ, 1935ರಲ್ಲಿ, ಅರಿಝೋನಾದ ಹೆದ್ದಾರಿ ಇಲಾಖೆ. ಸಿರಿಯಾದವನಿಗೆ ಈಜಿಪ್ಟಿನ ಗೋರಿ! ಫಲಕದಲ್ಲಿ ಹುಟ್ಟಿದ್ದು 'ಸಿರಿಯಾದಲ್ಲಿ ಎಲ್ಲೋ, ಸುಮಾರು 1828' ಅಂತಿದೆ. ದೇಶಕ್ಕೆ ಬಂದದ್ದು ಮಾತ್ರ ಖಚಿತವಾಗಿ 1856ರ ಫೆಬ್ರವರಿ 10 ಅಂತಿದೆ. ಆದರೆ ಮೊದಲ ಒಂಟೆ ಹಡಗು ದಡ ಮುಟ್ಟಿದ್ದೇ ಆ ವರ್ಷದ ಮೇ ತಿಂಗಳಲ್ಲಿ. ಕಲ್ಲಿನ ಮೇಲೆ ಕೆತ್ತಿದ್ದನ್ನೆಲ್ಲ ನಂಬಬೇಡಿ ಅಂತ ನೀವೇ ಮಕ್ಕಳಿಗೆ ಹೇಳಿರಬೇಕು.

ನಿಮ್ಮ ಫೋಟೋದಲ್ಲಿ ಪಿರಮಿಡ್ ಹಿಂದೆ ಬರೀ ಕಲ್ಲು ಪೇರಿಸಿದ ಸಣ್ಣ ಗೋರಿಗಳೂ ಕಾಣುತ್ತಿವೆ. ಅವುಗಳನ್ನು ಹತ್ತಿರದಿಂದ ತೆಗೆದ ಚಿತ್ರ ಇದ್ದರೆ ಕಳಿಸಿ. ಹೆಸರಿದ್ದರೂ ಸರಿ, ಇಲ್ಲದಿದ್ದರೂ ಸರಿ, ಪ್ರಕಟಿಸುತ್ತೇವೆ.

- ಸಂ.