ಇಂಗ್ಲೆಂಡಿನ ಹಳ್ಳಿ ಪಬ್‌ಗಳಲ್ಲಿ ಏಲ್ ಬಿಯರ್ ಯಾಕೆ ತಣ್ಣಗಿರುವುದಿಲ್ಲ, ಗ್ಯಾಸೂ ಕಡಿಮೆ?

ಕೆಟ್ಟಿದ್ದಲ್ಲ, ಅದು ಇರಬೇಕಾದದ್ದೇ ಹಾಗೆ. ಸಾಮರ್ಸೆಟ್‌ನ ನಾರ್ಟನ್ ಸೇಂಟ್ ಫಿಲಿಪ್ ಹಳ್ಳಿಯ ಜಾರ್ಜ್ ಇನ್ ತರಹದ ಹಳೇ ಪಬ್‌ಗಳಲ್ಲಿ (1685ರಲ್ಲಿ ರಾಜನ ವಿರುದ್ಧ ದಂಗೆಯೆದ್ದ ಮನ್ಮತ್ ಡ್ಯೂಕ್ ಆಗ ತಂಗಿದ್ದ ಜಾಗ, ಈಗಲೂ ಊಟ, ರೂಮು ಎರಡೂ ಉಂಟು) ಸಿಗುವ ಕಾಸ್ಕ್ ಏಲ್‌ನಲ್ಲಿ ಯೀಸ್ಟ್ ಜೀವಂತವಾಗಿರುತ್ತದೆ, ಪೀಪಾಯಿಯೊಳಗೇ ಇನ್ನೊಮ್ಮೆ ಹುದುಗುತ್ತದೆ. ಹೊರಗಿನಿಂದ ಗ್ಯಾಸ್ ತುಂಬುವುದಿಲ್ಲ. ಕೈಪಂಪಿನಿಂದ ಎಳೆದು ಕೊಡುತ್ತಾರೆ.

ನೆಲಮಾಳಿಗೆ 11–13 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ತಣ್ಣಗಾದರೆ ಬಿಯರ್ ಮಬ್ಬಾಗಿ ಪರಿಮಳ ಅಡಗುತ್ತದೆ, ಬಿಸಿಯಾದರೆ ಬೇಗ ಹುಳಿಯುತ್ತದೆ. ಪೀಪಾಯಿ ಅಲುಗಿದರೆ ತಳದ ಗಷ್ಟೆಲ್ಲ ಮೇಲೇಳುತ್ತದೆ. ಒಮ್ಮೆ ತೆರೆದರೆ ಗಾಳಿ ಒಳಹೋಗುವುದರಿಂದ ಸುಮಾರು ಮೂರು ದಿನದಲ್ಲಿ ಖಾಲಿಯಾಗಬೇಕು. ಮಾಮೂಲಿ ಪೀಪಾಯಿ 9 ಗ್ಯಾಲನ್, ಅಂದರೆ 72 ಪೈಂಟ್ (ಒಂದು ಪೈಂಟ್ ಅರ್ಧ ಲೀಟರಿಗಿಂತ ತುಸು ಹೆಚ್ಚು). ಗಿರಾಕಿ ಕಡಿಮೆಯಿರುವ ಪಬ್‌ನಲ್ಲಿ ಎಂಟು ಪಂಪು ಸಾಲಾಗಿ ಕಂಡರೆ, ಅಷ್ಟೂ ಪೀಪಾಯಿ ಮೂರು ದಿನದಲ್ಲಿ ಖಾಲಿಯಾದೀತೇ ಎಂದು ನಾನಂತೂ ಅನುಮಾನಪಡುತ್ತೇನೆ. ಹೆಚ್ಚು ಹೋಗುವ ಏಲ್ ಯಾವುದೆಂದು ಕೇಳಿ, ಅದನ್ನೇ ತೆಗೆದುಕೊಳ್ಳಿ. ವಿನೆಗರ್ ವಾಸನೆ ಬಂದರೆ ಸಂಕೋಚ ಬೇಡ, ವಾಪಸ್ ಕೊಟ್ಟು ಬದಲಿಸಿಕೊಳ್ಳಿ.

ಸಸ್ಯಾಹಾರಿಗಳು ಗಮನಿಸಿ: ಏಲ್ ತಿಳಿಯಾಗಲು ಎಷ್ಟೋ ಕಡೆ ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಹಾಕುತ್ತಾರೆ. ಅದು ಬೇಡವಾದರೆ ‘ಅನ್‌ಫೈನ್ಡ್’ ಅಂತ ಕೇಳಿ; ಸ್ವಲ್ಪ ಮಬ್ಬಾಗಿರುತ್ತದೆ, ಅಷ್ಟೇ.