ಅಮ್ಮನ ಕಣ್ಣು ಶಿಬಿರದವರೆಗೆ ಕಾಯುವುದಿಲ್ಲ

ಪತ್ರ: ಅಮ್ಮನಿಗೆ 72 ವರ್ಷ. ಬಿಪಿ, ಸಕ್ಕರೆ ಕಾಯಿಲೆ ಎರಡೂ ಇವೆ. ಮೊನ್ನೆ ಬೆಳಿಗ್ಗೆ ಪತ್ರಿಕೆ ಓದುತ್ತಿದ್ದಾಗ ಬಲಗಣ್ಣಿಗೆ ಕಪ್ಪು ಪರದೆ ಇಳಿದಂತಾಗಿ ಏನೂ ಕಾಣಿಸಲಿಲ್ಲವಂತೆ. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಆಸ್ಪತ್ರೆಗೆ ಹೊರಟರೆ ಮುಂಬಯಿಯಲ್ಲಿರುವ ಅಣ್ಣ, ‘ಪೊರೆ ಇರಬೇಕು, ಮುಂದಿನ ತಿಂಗಳು ಶಿಬಿರದಲ್ಲಿ ತೋರಿಸಿದರಾಯಿತು’ ಎಂದು ಗದರಿದ. ನಾನು ಸುಮ್ಮನೆ ಗಾಬರಿಯಾಗುತ್ತಿದ್ದೇನೆಯೇ?
– ಓದುಗಿ, ಬ್ರಹ್ಮಾವರ

ಸಂಪಾದಕರ ಉತ್ತರ:

ಸಹೋದರಿ, ನಿಮ್ಮ ಗಾಬರಿ ನ್ಯಾಯವಾದದ್ದು. ಪತ್ರ ಕೈಸೇರಿದ ದಿನವೇ ಫೋನ್ ಮಾಡಿ ‘ಈಗಲೇ ಹೊರಡಿ’ ಎಂದಿದ್ದೆ. ಸಂಜೆಯೊಳಗೆ ನೀವು ಅಮ್ಮನನ್ನು ಮಣಿಪಾಲಕ್ಕೆ ಕರೆದೊಯ್ದಿರಿ ಎಂದು ತಿಳಿದು ಸಮಾಧಾನವಾಯಿತು. ಆದರೂ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ನಿಮ್ಮ ಅಣ್ಣನ ಮಾತನ್ನು ಕರಾವಳಿಯ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ.

ಅಣ್ಣನ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ವಯಸ್ಸಾದವರ ಕಣ್ಣು ಮಂಜಾಗಲು ಪೊರೆಯೇ ಸಾಮಾನ್ಯ ಕಾರಣ, ಅದಕ್ಕೆ ಅವಸರವೂ ಇಲ್ಲ. ಆದರೆ ಪೊರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೆಲ್ಲಗೆ ಬೆಳೆಯುತ್ತದೆ. ಪತ್ರಿಕೆಯ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಗುವಷ್ಟರಲ್ಲಿ ಕಣ್ಣು ಕಪ್ಪಾಗಿಸಿ, ಹತ್ತು ನಿಮಿಷದಲ್ಲಿ ಬೆಳಕನ್ನು ವಾಪಸು ಕೊಡುವುದು ಪೊರೆಯ ಸ್ವಭಾವವಲ್ಲ. ಹಾಗಾದಾಗ ಕತ್ತಿನ ರಕ್ತನಾಳದಿಂದಲೋ ಹೃದಯದಿಂದಲೋ ಹೊರಟ ಸಣ್ಣ ಹೆಪ್ಪೊಂದು ಕಣ್ಣಿನ ನಾಳದಲ್ಲಿ ಸಿಕ್ಕಿ, ಮತ್ತೆ ಸಡಿಲಿ ಮುಂದೆ ಹೋಗಿರಬಹುದು ಎಂದು ವೈದ್ಯರು ಮೊದಲು ಅನುಮಾನಿಸುತ್ತಾರೆ. ಅದು ಸಡಿಲದೆ ಅಲ್ಲಿಯೇ ಕುಳಿತರೆ ರಕ್ತವಿಲ್ಲದ ರೆಟಿನಾ, ಅಂದರೆ ಕಣ್ಣಿನ ಒಳಪರದೆ, ಕೆಲವೇ ಗಂಟೆಗಳಲ್ಲಿ ಸತ್ತುಹೋಗುತ್ತದೆ. ಮುಂದಿನ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಆ ಅಪಾಯ ಹೆಚ್ಚಿರುವುದು ಮೊದಲ ಕೆಲವು ದಿನಗಳಲ್ಲಿಯೇ. ದೃಷ್ಟಿ ಮರಳಿತೆಂದು ನಿಶ್ಚಿಂತರಾಗುವ ಕಾಲ ಅದಲ್ಲ.

ಶಿಬಿರಗಳ ಬಗ್ಗೆ ನನಗೆ ಗೌರವವಿದೆ. ‘ಕಣ್ಣು ಕೊಟ್ಟ ಅಣ್ಣ’ ಎಂದು ಜನ ಕರೆದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಪೊರೆ ತೆಗೆದ ಪುಣ್ಯಾತ್ಮರು. 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದ ಮೇಲೆ ಶಿಬಿರವೆಂಬುದು ಹಳ್ಳಿಹಳ್ಳಿಗೂ ಪರಿಚಯವಾಯಿತು. ಅಷ್ಟು ದೊಡ್ಡ ಉಪಕಾರದ ಜೊತೆಗೆ ಒಂದು ತಪ್ಪು ನಂಬಿಕೆಯೂ ನಮ್ಮಲ್ಲಿ ಬೇರೂರಿತು: ಮುದುಕರ ಕಣ್ಣಿನ ತೊಂದರೆಯೆಂದರೆ ಪೊರೆ, ಪೊರೆಯೆಂದರೆ ಶಿಬಿರ, ಶಿಬಿರ ಬರುವವರೆಗೆ ಕಾಯಬಹುದು.

ಶಂಕರಪುರದ ಕಡೆ ನನ್ನ ದೊಡ್ಡಮ್ಮ ಒಬ್ಬರಿದ್ದರು. ಬೆಳಕು ಹರಿಯುವ ಮೊದಲೇ ಮಲ್ಲಿಗೆಯ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವು ಮಾರುವ ಕಟ್ಟೆಗೆ ಕಳುಹಿಸುವುದು ಅವರ ಜೀವನವಾಗಿತ್ತು. ಕಟ್ಟುವುದಕ್ಕೆ ಅವರಿಗೆ ಕಣ್ಣೇ ಬೇಡ, ಬೆರಳು ತಾನಾಗಿ ಓಡುತ್ತಿತ್ತು. ಆದ್ದರಿಂದ ಯಾರಿಗೂ ಏನೂ ಗೊತ್ತಾಗಲಿಲ್ಲ. ಗೊತ್ತಾದದ್ದು ಗಿಡದಿಂದ. ಒಂದು ವಾರ ಪ್ರತಿ ಗಿಡದ ಎಡಬದಿಯ ಮೊಗ್ಗುಗಳು ಕೊಯ್ಯದೆ ಉಳಿದು, ಸಂಜೆಗೆ ಅರಳಿ ನಿಂತಿದ್ದವು. ಮೊದಲು ನೋಡಿದವಳು ಸೊಸೆ. ಗಂಡ, ಮೈದುನ ಇಬ್ಬರೂ ‘ವಯಸ್ಸಾಯಿತಲ್ಲ, ಕೈ ಸೋತಿರಬೇಕು’ ಎಂದರು. ಕೊನೆಗೆ ಅವಳೇ ಹಟಹಿಡಿದು ಕರೆದುಕೊಂಡು ಹೋದಳು. ಎರಡು ಕಣ್ಣುಗಳಲ್ಲೂ ಎಡ ಅರ್ಧ ಕಾಣಿಸುತ್ತಿರಲಿಲ್ಲ. ಕಣ್ಣು ಚೆನ್ನಾಗಿಯೇ ಇತ್ತು, ಪಾರ್ಶ್ವವಾಯುವಿನ ಆಘಾತವಾದದ್ದು ಮಿದುಳಿನ ಹಿಂಭಾಗಕ್ಕೆ. ‘ಮೊದಲೇ ಯಾಕೆ ಹೇಳಲಿಲ್ಲ?’ ಎಂದು ಕೇಳಿದಾಗ ದೊಡ್ಡಮ್ಮ, ‘ನಿಮಗೆಲ್ಲ ಕೆಲಸವಿರುತ್ತದಲ್ಲ’ ಎಂದರು.

ಆ ಮಾತು ನನ್ನನ್ನು ಇನ್ನೂ ಸುಡುತ್ತದೆ. ನಮ್ಮ ಹಿರಿಯರು ನೋವನ್ನು ನುಂಗುವುದನ್ನು ನಾವು ಸಹನೆಯೆಂದು ಹೊಗಳುತ್ತೇವೆ. ಅವರು ಬಾಯಿ ಬಿಟ್ಟರೆ ವಯಸ್ಸೆಂದು ತಳ್ಳಿಹಾಕುತ್ತೇವೆ. ಜೊತೆಗಿದ್ದು ಕಂಡವಳು ಮಗಳೋ ಸೊಸೆಯೋ ಆಗಿದ್ದರೂ, ತೀರ್ಮಾನ ಮಾತ್ರ ಮುಂಬಯಿಯಿಂದಲೋ ದುಬೈಯಿಂದಲೋ ಬರಬೇಕು, ಹಣ ಕಳುಹಿಸುವವನು ಅಲ್ಲಿದ್ದಾನೆಂಬ ಒಂದೇ ಕಾರಣಕ್ಕೆ. ಹೆಣ್ಣಿನ ಮೂಲಕ ಮನೆತನ ನಡೆಸಿದ ಅಳಿಯಸಂತಾನದ ನಾಡಿನಲ್ಲಿ ತಾಯಿಯ ಕಣ್ಣಿನ ಬಗ್ಗೆ ಮಗಳ ಮಾತು ನಡೆಯುವುದಿಲ್ಲವೆಂದರೆ ಏನು ಹೇಳಲಿ! ಅಂಗಳಕ್ಕೆ ಇಂಟರ್‌ಲಾಕ್, ಗೇಟಿಗೆ ಕ್ಯಾಮೆರಾ ಹಾಕಿಸಿರುತ್ತಾರೆ. ರಾತ್ರಿ ಎಂಟರ ಮೇಲೆ ಅಮ್ಮನನ್ನು ಆಸ್ಪತ್ರೆಗೆ ಒಯ್ಯಲು ಯಾವ ಆಟೋದವರನ್ನು ಕರೆಯಬೇಕೆಂಬ ನಂಬರು ಮಾತ್ರ ಗೋಡೆಯ ಮೇಲಿರುವುದಿಲ್ಲ. ಮಾತ್ರೆಯ ಪಟ್ಟಿಯ ಮೇಲಿನ ಅಕ್ಷರವನ್ನು ಯಾವ ಮುದುಕರು ಓದಬೇಕೆಂದು ಅಷ್ಟು ಸಣ್ಣದಾಗಿ ಅಚ್ಚುಹಾಕುತ್ತಾರೋ, ಅದನ್ನು ಕೇಳುವವರೂ ಇಲ್ಲ.

ಸಹೋದರಿ, ನಿಮ್ಮ ಮೇಲೂ ಒಂದು ಆಕ್ಷೇಪವಿದೆ. ಅಮ್ಮನಿಗೆ ಸಕ್ಕರೆ ಕಾಯಿಲೆಯಿದ್ದರೂ ಪಾಪೆ ಹಿಗ್ಗಿಸಿ ಮಾಡುವ ಕಣ್ಣಿನ ತಪಾಸಣೆಯ ಮಾತು ಪತ್ರದಲ್ಲಿಲ್ಲ, ಫೋನಿನಲ್ಲೂ ನೀವು ಹೇಳಲಿಲ್ಲ. ಅದು ವರ್ಷಕ್ಕೊಮ್ಮೆಯಾದರೂ ಆಗಲೇಬೇಕು. ವಾರಕ್ಕೊಮ್ಮೆ ಅಮ್ಮನನ್ನು ಕ್ಯಾಲೆಂಡರಿನ ಮುಂದೆ ನಿಲ್ಲಿಸಿ, ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿಸಿ ಓದಿಸಿ. ಎರಡೂ ಕಣ್ಣು ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮರೆಸಿಬಿಡುತ್ತದೆ. ಮಿಂಚು ಹೊಡೆದಂತಾಗಿ ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಿದರೆ, ಕಣ್ಣು ಕೆಂಪಾಗಿ ತಲೆನೋವು ಮತ್ತು ವಾಂತಿ ಬಂದು ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಹಣೆಯ ಪಕ್ಕದ ನರ ನೋಯುತ್ತ ಅಗಿಯುವಾಗ ದವಡೆ ಸೋತರೆ, ಆಗಲೂ ಅಣ್ಣನ ಫೋನಿಗೆ ಕಾಯಬೇಡಿ, ಹೊರಡಿ.

ಕತ್ತಿನ ನಾಳಗಳ ರಕ್ತದ ಹರಿವು ನೋಡುವ ಡಾಪ್ಲರ್ ಮತ್ತು ಇಸಿಜಿ ವರದಿಗಳು ಬಂದ ಮೇಲೆ ಅವುಗಳ ಪ್ರತಿ ಅಣ್ಣನಿಗೂ ಕಳುಹಿಸಿ. ನನಗೂ ಒಂದು ಸಾಲು ಬರೆಯಿರಿ.