ಗೆದ್ದವರು ಯಾರು? ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಕೆನಡಾದಲ್ಲಿ 2008ರಲ್ಲಿ ನಡೆದ ಸಮ್ಮಿಶ್ರ ಸರ್ಕಾರದ ಪ್ರಯತ್ನದ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿತು. ‘ಜನಾದೇಶ’ ಎಂಬ ಪದ ಬಂದಲ್ಲೆಲ್ಲ ಅದರ ಕೆಳಗೆ ಗೆರೆ ಎಳೆದಿದ್ದೀರಿ. ಕೊನೆಯ ಪುಟದಲ್ಲಿ ಪೆನ್ನಿನ ಒತ್ತಿಗೆ ಕಾಗದವೇ ಹರಿದಿದೆ. ಇಷ್ಟು ಸಂಕಟಪಟ್ಟು ಬರೆದವರಿಗೆ ಎರಡು ಸಾಲಿನ ಉತ್ತರ ಬರೆದು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ.

ನಿಮ್ಮ ವಾದವನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಹೆಚ್ಚು ಸ್ಥಾನ ಪಡೆದ ಪಕ್ಷವೇ ಗೆದ್ದ ಪಕ್ಷ; ಸೋತವರೆಲ್ಲ ಸೇರಿ ಅದನ್ನು ಇಳಿಸಿದರೆ ಅದು ಹಿಂಬಾಗಿಲಿನ ಅಧಿಕಾರ. ನಿನ್ನೆಯವರೆಗೆ ಒಬ್ಬರನ್ನೊಬ್ಬರು ಹಳಿಯುತ್ತಿದ್ದವರು ಇಂದು ಕೈಜೋಡಿಸಿದರೆ ಮತದಾರನಿಗೆ ಮೋಸ. ಯಾರಿಗೂ ಬಹುಮತ ಬಾರದಿದ್ದರೆ ಮತ್ತೆ ಜನರ ಮುಂದೆ ಹೋಗುವುದೊಂದೇ ಪ್ರಾಮಾಣಿಕ ದಾರಿ. ಇಂತಹ ಕೂಡಾವಳಿಯನ್ನು ಸಮರ್ಥಿಸುವ ಲೇಖನ ಹಾಕಿ ನಮ್ಮ ಪತ್ರಿಕೆಯೂ ತಪ್ಪು ಮಾಡಿದೆ ಎಂದಿದ್ದೀರಿ.

ಮೋಸದ ಮಾತಿನಲ್ಲಿ ಹುರುಳಿದೆ, ಅಲ್ಲಿಗೆ ಆಮೇಲೆ ಬರುತ್ತೇನೆ. ಆದರೆ ‘ಗೆದ್ದ ಪಕ್ಷ’ ಎಂಬ ಮಾತನ್ನು ನಾನು ಒಪ್ಪಲಾರೆ. ನಿಮ್ಮ ವಾದವೆಲ್ಲ ನಿಂತಿರುವುದು ಅದರ ಮೇಲೆಯೇ ಆದ್ದರಿಂದ ಮೊದಲು ಅದನ್ನೇ ನೋಡೋಣ.

2008ರ ಅಕ್ಟೋಬರ್ 14ರಂದು ಕೆನಡಾದಲ್ಲಿ ಚುನಾವಣೆ ನಡೆಯಿತು. ಕೆಳಮನೆಯ ಒಟ್ಟು ಸ್ಥಾನ 308. ಆಗ ಪ್ರಧಾನಿಯಾಗಿದ್ದ ಸ್ಟೀಫನ್ ಹಾರ್ಪರ್ ಅವರ ಕನ್ಸರ್ವೇಟಿವ್ ಪಕ್ಷಕ್ಕೆ 143, ಲಿಬರಲ್ ಪಕ್ಷಕ್ಕೆ 77, ಕೆಬೆಕ್ ಪ್ರಾಂತ್ಯದ ಬ್ಲಾಕ್ ಪಕ್ಷಕ್ಕೆ 49, ನ್ಯೂ ಡೆಮಾಕ್ರಟಿಕ್ ಪಕ್ಷಕ್ಕೆ 37 ಸ್ಥಾನ ಬಂದವು, ಇಬ್ಬರು ಪಕ್ಷೇತರರು ಗೆದ್ದರು. ಸರಳ ಬಹುಮತಕ್ಕೆ 155 ಬೇಕು. ಹಾರ್ಪರ್ ಅವರಿಗೆ 12 ಸ್ಥಾನ ಕಡಿಮೆ. ಮತ ಹಾಕಿದವರಲ್ಲಿ ಅವರ ಪಕ್ಷವನ್ನು ಆರಿಸಿದವರು ಶೇ 38ಕ್ಕೂ ಕಡಿಮೆ. ಎದುರಿನ ಮೂರು ಪಕ್ಷಗಳಿಗೆ ಒಟ್ಟಾಗಿ ಬಂದದ್ದು ಶೇ 54ರಷ್ಟು. ಈ ಅಂಕಿಗಳಲ್ಲಿ ಗೆದ್ದವರು ಯಾರು ಎಂದು ಕೇಳಿದರೆ ನನ್ನ ಉತ್ತರ, ಆ 308 ಮಂದಿಯೂ ಗೆದ್ದವರೇ. ಪ್ರತಿಯೊಬ್ಬರನ್ನೂ ಒಂದೊಂದು ಕ್ಷೇತ್ರದ ಜನ ಆರಿಸಿ ಕಳುಹಿಸಿದ್ದರು. ಸಂಸದೀಯ ಪದ್ಧತಿಯಲ್ಲಿ ನಾವು ಮತಗಟ್ಟೆಗೆ ಹೋಗಿ ಪ್ರಧಾನಿಯನ್ನು ಆರಿಸುವುದಿಲ್ಲ, ಸದನವನ್ನು ಆರಿಸುತ್ತೇವೆ. ಸರ್ಕಾರವನ್ನು ಕೂರಿಸುವ, ಇಳಿಸುವ ಕೆಲಸವನ್ನು ಆ ಸದನಕ್ಕೆ ಒಪ್ಪಿಸುತ್ತೇವೆ. ಮಂತ್ರಿಮಂಡಲವು ಸಾಮೂಹಿಕವಾಗಿ ಲೋಕಸಭೆಗೆ ಹೊಣೆ ಎಂದು ನಮ್ಮ ಸಂವಿಧಾನದ 75ನೇ ವಿಧಿ ಹೇಳುವುದೂ ಇದನ್ನೇ. ಅತಿ ದೊಡ್ಡ ಪಕ್ಷಕ್ಕೆ ಹೊಣೆ ಎಂದಾಗಲಿ, ಅತಿ ದೊಡ್ಡ ಪಕ್ಷದ್ದೇ ಆಗಿರಬೇಕು ಎಂದಾಗಲಿ ಅಲ್ಲಿಲ್ಲ.

ಇದು ಕಾಗದದ ಮೇಲಿನ ನಿಯಮ, ಜನ ಒಪ್ಪುವುದಿಲ್ಲ ಎನ್ನುತ್ತೀರೇನೋ. ನ್ಯೂಜಿಲೆಂಡಿನಲ್ಲಿ 2017ರಲ್ಲಿ ನ್ಯಾಷನಲ್ ಪಕ್ಷ 56 ಸ್ಥಾನ ಪಡೆದು ಮೊದಲಿತ್ತು. 46 ಸ್ಥಾನದ ಲೇಬರ್ ಪಕ್ಷದ ಜೆಸಿಂಡಾ ಆರ್ಡರ್ನ್ ಇನ್ನೆರಡು ಪಕ್ಷಗಳ ಬೆಂಬಲದಿಂದ ಪ್ರಧಾನಿಯಾದರು. ಮೂರು ವರ್ಷದ ಅವಧಿ ಮುಗಿಸಿ ಅವರು ಜನರ ಮುಂದೆ ಹೋದಾಗ ಲೇಬರ್ ಪಕ್ಷಕ್ಕೆ ಜನ ಸ್ಪಷ್ಟ ಬಹುಮತವನ್ನೇ ಕೊಟ್ಟರು. ಪೋರ್ಚುಗಲ್‌ನಲ್ಲಿ 2015ರಲ್ಲಿ ಅಧ್ಯಕ್ಷರು ನಿಮ್ಮ ಮಾತಿನಂತೆಯೇ ನಡೆದರು, ಅತಿ ದೊಡ್ಡ ಕೂಟದ ನಾಯಕ ಪೆದ್ರು ಪಾಸುಸ್ ಕುವೆಲ್ಯು ಅವರನ್ನೇ ಪ್ರಧಾನಿ ಮಾಡಿದರು. ಹನ್ನೊಂದನೆಯ ದಿನ ಸದನ ಆ ಸರ್ಕಾರವನ್ನು ಬೀಳಿಸಿತು. ಎರಡನೆಯ ಸ್ಥಾನದಲ್ಲಿದ್ದ ಸಮಾಜವಾದಿ ಪಕ್ಷದ ಆಂಟೋನಿಯೊ ಕೋಸ್ಟಾ ಎಡಪಕ್ಷಗಳ ಬಾಹ್ಯ ಬೆಂಬಲದಿಂದ ಅಧಿಕಾರಕ್ಕೆ ಬಂದು ಪೂರ್ತಿ ಅವಧಿ ಆಳಿದರು. ಅತಿ ದೊಡ್ಡ ಪಕ್ಷಕ್ಕೆ ಮೊದಲ ಅವಕಾಶ ಕೊಡುವುದು ಒಳ್ಳೆಯ ರೂಢಿ, ನಾನು ಅದರ ಪರವಾಗಿಯೇ ಇದ್ದೇನೆ. ಆದರೆ ಅವಕಾಶ ಬೇರೆ, ಹಕ್ಕು ಬೇರೆ.

ಈಗ ಕೆನಡಾಕ್ಕೆ ಮರಳುತ್ತೇನೆ. ಅಲ್ಲಿ ನಡೆದ ನಿಜವಾದ ಅನ್ಯಾಯ ನಿಮ್ಮ ಪತ್ರದಲ್ಲಿ ಎಲ್ಲಿಯೂ ಬಂದಿಲ್ಲ ಎಂಬುದು ನನ್ನ ಕೊರಗು.

ಬಹುಮತವಿಲ್ಲದೆಯೇ ಮುಂದುವರಿದ ಹಾರ್ಪರ್ ಸರ್ಕಾರದ ಹಣಕಾಸು ಸಚಿವರು ನವೆಂಬರ್ 27ರಂದು ಆರ್ಥಿಕ ಹೇಳಿಕೆ ಮಂಡಿಸಿದರು. ಜಗತ್ತೇ ಹಣಕಾಸಿನ ಕುಸಿತದಲ್ಲಿದ್ದ ಹೊತ್ತಿನಲ್ಲಿ ಅದರಲ್ಲಿ ಹೇಳಿಕೊಳ್ಳುವಂತಹ ಚೇತರಿಕೆಯ ಯೋಜನೆ ಇರಲಿಲ್ಲ. ಪಕ್ಷಗಳು ಪಡೆದ ಮತಗಳ ಲೆಕ್ಕದಲ್ಲಿ ಸರ್ಕಾರದಿಂದ ಸಿಗುತ್ತಿದ್ದ ಸಹಾಯಧನವನ್ನು ನಿಲ್ಲಿಸುವ ಪ್ರಸ್ತಾಪ ಮಾತ್ರ ಇತ್ತು. ದೊಡ್ಡ ದೇಣಿಗೆಯ ಜಾಲ ಇಲ್ಲದ ವಿರೋಧ ಪಕ್ಷಗಳಿಗೆ ಇದು ಹೊಟ್ಟೆಯ ಮೇಲೆ ಹೊಡೆದಂತಾಯಿತು. ಅವರು ಒಂದಾದದ್ದರಲ್ಲಿ ಸ್ವಹಿತ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಡಿಸೆಂಬರ್ 1ರಂದು ಲಿಬರಲ್ ನಾಯಕ ಸ್ಟೆಫಾನ್ ಡಿಯೋನ್, ನ್ಯೂ ಡೆಮಾಕ್ರಟಿಕ್ ಪಕ್ಷದ ಜ್ಯಾಕ್ ಲೇಟನ್, ಬ್ಲಾಕ್ ಪಕ್ಷದ ಜಿಲ್ ದ್ಯುಸೆಪ್ ಒಂದೇ ಮೇಜಿನ ಮುಂದೆ ಕುಳಿತು ಸಹಿ ಹಾಕಿದರು. ಒಪ್ಪಂದ ಗುಟ್ಟಿನದಾಗಿರಲಿಲ್ಲ. ಮೊದಲ ಎರಡು ಪಕ್ಷಗಳದ್ದು 2011ರ ಜೂನ್ 30ರವರೆಗಿನ ಸಮ್ಮಿಶ್ರ ಸರ್ಕಾರ. ಪ್ರಧಾನಿಯನ್ನು ಬಿಟ್ಟು 24 ಸಚಿವರಲ್ಲಿ ಆರು ಮಂದಿ ಲೇಟನ್ ಪಕ್ಷದವರು. ಬ್ಲಾಕ್‌ಗೆ ಮಂತ್ರಿಗಿರಿ ಇಲ್ಲ, ಅದು 18 ತಿಂಗಳು ವಿಶ್ವಾಸಮತದಲ್ಲಿ ಬೆಂಬಲಿಸುತ್ತದೆ. ಎಲ್ಲವೂ ಬರಹದಲ್ಲಿತ್ತು, ಪತ್ರಿಕೆಗಳ ಮುಂದೆ ಇತ್ತು. ಹಿಂಬಾಗಿಲಿನಿಂದ ಬರುವವರು ಹೀಗೆ ಕ್ಯಾಮೆರಾಗಳ ಎದುರು ಸಹಿ ಹಾಕುವುದಿಲ್ಲ.

ಆದರೆ ಅವರನ್ನು ಕೆಡಿಸಿದ್ದೂ ಆ ಚಿತ್ರವೇ. ಕೆಬೆಕ್ ಪ್ರತ್ಯೇಕವಾಗಬೇಕು ಎನ್ನುವ ಪಕ್ಷದ ನಾಯಕ ಆ ಮೇಜಿನಲ್ಲಿದ್ದರು. ದೇಶ ಒಡೆಯುವವರ ಕೈಗೆ ದೇಶ ಎಂದು ಹಾರ್ಪರ್ ಪಕ್ಷ ಅಬ್ಬರಿಸಿತು, ಜನಾಭಿಪ್ರಾಯ ಅವರ ಕಡೆ ತಿರುಗಿತು. ಇದೇ ಹಾರ್ಪರ್ 2004ರಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದಾಗ ಇದೇ ದ್ಯುಸೆಪ್, ಇದೇ ಲೇಟನ್ ಜೊತೆ ಸೇರಿ, ರಾಣಿಯ ಪ್ರತಿನಿಧಿಯಾದ ಗವರ್ನರ್ ಜನರಲ್‌ಗೆ ಪತ್ರ ಬರೆದಿದ್ದರು. ಪ್ರಧಾನಿ ಸದನದ ವಿಸರ್ಜನೆ ಕೇಳಿದರೆ ತಕ್ಷಣ ಒಪ್ಪದೆ ವಿರೋಧ ಪಕ್ಷಗಳನ್ನೂ ಕೇಳಿ, ಬೇರೆ ದಾರಿಗಳನ್ನೂ ನೋಡಿ ಎಂಬುದು ಆ ಪತ್ರದ ತಾತ್ಪರ್ಯ. ನಾಲ್ಕು ವರ್ಷಗಳ ಹಿಂದೆ ಸಂವಿಧಾನಬದ್ಧವಾಗಿದ್ದ ದಾರಿ ತಾವು ಕುರ್ಚಿಯಲ್ಲಿದ್ದಾಗ ದ್ರೋಹವಾಗಿ ಕಂಡಿತು. ಬ್ಲಾಕ್ ಪಕ್ಷದ ಗುರಿಯನ್ನು ನೀವು ಒಪ್ಪದಿರಬಹುದು, ನಾನೂ ಒಪ್ಪುವುದಿಲ್ಲ. ಆದರೆ ಆ 49 ಸದಸ್ಯರ ಮತ ಸರ್ಕಾರವನ್ನು ಉಳಿಸುವಾಗ ಎಣಿಕೆಗೆ ಬರಬೇಕು, ಬೀಳಿಸುವಾಗ ಬರಬಾರದು ಎಂದರೆ ಕೆಬೆಕ್‌ನ ಮತದಾರರು ಅರ್ಧ ಪ್ರಜೆಗಳೇ?

ವಿಶ್ವಾಸದ ಪರೀಕ್ಷೆ ಡಿಸೆಂಬರ್ 8ಕ್ಕೆ ನಿಗದಿಯಾಗಿತ್ತು. 3ರ ರಾತ್ರಿ ಹಾರ್ಪರ್ ಮತ್ತು ಡಿಯೋನ್ ಟಿ.ವಿ.ಯಲ್ಲಿ ದೇಶವನ್ನು ಉದ್ದೇಶಿಸಿ ಮಾತನಾಡಿದರು. ಡಿಯೋನ್ ಅವರ ಧ್ವನಿಚಿತ್ರ ವಾಹಿನಿಗಳಿಗೆ ತಲುಪಿದ್ದೇ ತಡವಾಗಿ, ಚಿತ್ರವೂ ಮಸುಕಾಗಿತ್ತು. ಪರ್ಯಾಯ ಸರ್ಕಾರದ ಪ್ರಧಾನಿಯಾಗಬೇಕಾದವರ ಮುಖ ಜನರಿಗೆ ಸರಿಯಾಗಿ ಕಾಣಲೂ ಇಲ್ಲ. ಮರುದಿನ ಹಾರ್ಪರ್ ಗವರ್ನರ್ ಜನರಲ್ ಮಿಶೆಲ್ ಜಾನ್ ಅವರ ನಿವಾಸಕ್ಕೆ ಹೋದರು. ಎರಡು ಗಂಟೆಗೂ ಹೆಚ್ಚು ಹೊತ್ತು ಒಳಗಿದ್ದು ಹೊರಬಂದಾಗ ಅಧಿವೇಶನ ಕೊನೆಗೊಂಡಿತ್ತು. ಸದನ ಮತ್ತೆ ಸೇರುವುದು ಜನವರಿ 26ಕ್ಕೆ.

ನಾನು ಅನ್ಯಾಯ ಎಂದದ್ದು ಇದನ್ನು. ಬಹುಮತ ಇದೆಯೋ ಇಲ್ಲವೋ ಎಂದು ಹೇಳಬೇಕಾದ ಒಂದೇ ಒಂದು ಜಾಗಕ್ಕೆ, ಅದು ಹೇಳುವ ನಾಲ್ಕು ದಿನ ಮೊದಲು, ಬೀಗ ಬಿತ್ತು. ಬೀಗ ಹಾಕಿಸಿದವರು ಆ ಪರೀಕ್ಷೆಯಲ್ಲಿ ಸೋಲುವ ಭಯವಿದ್ದ ಪ್ರಧಾನಿ. ಗವರ್ನರ್ ಜನರಲ್ ಬೇರೆಯೇನು ಮಾಡಬಹುದಿತ್ತು ಎಂಬ ಬಗ್ಗೆ ಸಂವಿಧಾನ ತಜ್ಞರಲ್ಲಿ ಒಮ್ಮತವಿಲ್ಲ, ಪ್ರಧಾನಿಯ ಸಲಹೆಯನ್ನು ತಳ್ಳಿಹಾಕುವುದು ಸಣ್ಣ ಮಾತಲ್ಲ. ಆದರೆ ಆ ಸಲಹೆ ಕೊಟ್ಟವರನ್ನು ನಾನು ಕ್ಷಮಿಸಲಾರೆ. ನಮ್ಮಲ್ಲಿ 1989ರಲ್ಲಿ ಕರ್ನಾಟಕದ ಸರ್ಕಾರವನ್ನು ಶಾಸಕರ ಪತ್ರಗಳ ಆಧಾರದ ಮೇಲೆ ವಜಾ ಮಾಡಿದಾಗ, ಬಹುಮತದ ಅಳತೆ ರಾಜಭವನದಲ್ಲಿ ಅಲ್ಲ, ಸದನದಲ್ಲಿ ಎಂದು ಹೇಳಿಸಿಕೊಳ್ಳಲು ಬೊಮ್ಮಾಯಿ ಪ್ರಕರಣದಲ್ಲಿ 1994ರವರೆಗೆ ಕಾಯಬೇಕಾಯಿತು. ಅಷ್ಟು ಕಷ್ಟಪಟ್ಟು ಪಡೆದ ತತ್ವ ಅದು. ಜನಾದೇಶ ಎಂಬ ಪದದ ಕೆಳಗೆ ನೀವು ಎಳೆದ ಗೆರೆಯನ್ನು ಈ ಬೀಗದ ಕೆಳಗೆ ಎಳೆದಿದ್ದರೆ ನಾನು ನಿಮ್ಮ ಜೊತೆ ನಿಲ್ಲುತ್ತಿದ್ದೆ.

ಸದನ ಮತ್ತೆ ಸೇರುವಷ್ಟರಲ್ಲಿ ಲಿಬರಲ್ ಪಕ್ಷ ಡಿಯೋನ್ ಅವರನ್ನು ಬದಲಿಸಿ ಮೈಕೆಲ್ ಇಗ್ನಾಟಿಯೆಫ್ ಅವರನ್ನು ತಂದಿತ್ತು. ಹಾರ್ಪರ್ ಸರ್ಕಾರ ತನ್ನ ಹಠ ಬಿಟ್ಟು ಚೇತರಿಕೆಯ ಬಜೆಟ್ ಮಂಡಿಸಿತು, ಲಿಬರಲ್ ಪಕ್ಷ ಬೆಂಬಲಿಸಿತು. ಮೈತ್ರಿ ಅಲ್ಲಿಗೆ ಮುಗಿಯಿತು.

ಇನ್ನು ಮೋಸದ ಮಾತು. ಇಲ್ಲಿ ನಿಮ್ಮ ಕೋಪಕ್ಕೆ ಕಾರಣವಿದೆ. ಲೇಟನ್ ಪಕ್ಷದೊಡನೆ ಸಮ್ಮಿಶ್ರ ಸರ್ಕಾರ ಮಾಡುವುದಿಲ್ಲ ಎಂದು ಡಿಯೋನ್ ಚುನಾವಣೆಯ ಪ್ರಚಾರದಲ್ಲೇ ಹೇಳಿದ್ದರು. ಏಳು ವಾರ ಕಳೆಯುವುದರೊಳಗೆ ಆ ಮಾತು ಮುರಿಯಿತು. ಬಿಕ್ಕಟ್ಟು ಹೊಸದು, ನಿಜ. ಆದರೂ ಅವರನ್ನು ನಂಬಿ ಮತ ಹಾಕಿದವರಿಗೆ ನೇರವಾದ ಒಂದು ವಿವರಣೆ ಸಲ್ಲಬೇಕಿತ್ತು. ಲೇಖನದಲ್ಲಿ ಈ ಅಂಶಕ್ಕೆ ಒಂದೇ ಸಾಲು ಸಿಕ್ಕಿತ್ತು. ಅದು ಸಾಲದು, ಅದನ್ನು ತಿದ್ದಿಸಬೇಕಾದದ್ದು ನನ್ನ ಕೆಲಸವಾಗಿತ್ತು.

ಬ್ರಿಟನ್ನಿನದು ಇದಕ್ಕಿಂತ ಕಹಿಯಾದ ಕಥೆ. 2010ರ ಚುನಾವಣೆಗೆ ಮುನ್ನ ಲಿಬರಲ್ ಡೆಮಾಕ್ರಟ್ ಅಭ್ಯರ್ಥಿಗಳು ವಿಶ್ವವಿದ್ಯಾಲಯದ ಶುಲ್ಕ ಏರಿಕೆಯ ವಿರುದ್ಧ ಮತ ಹಾಕುವೆವು ಎಂದು ಬರೆದ ಪ್ರತಿಜ್ಞಾಪತ್ರಕ್ಕೆ ಸಹಿ ಮಾಡಿ, ಅದನ್ನು ಎದೆಯ ಮುಂದೆ ಹಿಡಿದು ವಿದ್ಯಾರ್ಥಿಗಳ ಜೊತೆ ಫೋಟೊ ತೆಗೆಸಿಕೊಂಡರು. ನಾಯಕ ನಿಕ್ ಕ್ಲೆಗ್ ಕೂಡ ಸಹಿ ಮಾಡಿದ್ದರು. ಕನ್ಸರ್ವೇಟಿವ್ ಪಕ್ಷದ ಜೊತೆ ಸರ್ಕಾರ ಸೇರಿದ ಮೇಲೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಶುಲ್ಕದ ಮಿತಿಯನ್ನು ವರ್ಷಕ್ಕೆ 9,000 ಪೌಂಡ್‌ಗೆ, ಹೆಚ್ಚುಕಡಿಮೆ ಮೂರು ಪಟ್ಟಿಗೆ, ಏರಿಸುವ ನಿರ್ಣಯಕ್ಕೆ ಕ್ಲೆಗ್ ಮತ ಹಾಕಿದರು. ನನ್ನನ್ನು ಇನ್ನೂ ಕಾಡುವ ಸಂಗತಿಯೊಂದಿದೆ: ಈ ವಿಷಯದಲ್ಲಿ ಮತ ಹಾಕದೆ ತಟಸ್ಥವಾಗಿರುವ ಅವಕಾಶವನ್ನು ಮೈತ್ರಿಯ ಒಪ್ಪಂದವೇ ಆ ಪಕ್ಷಕ್ಕೆ ಕೊಟ್ಟಿತ್ತು. ಹಾಗಾಗಿ ಮಾತು ತಪ್ಪಿಸಿದ್ದು ಮೈತ್ರಿ ಎನ್ನಲಾಗದು. ಬಾಗಿಲು ತೆರೆದಿದ್ದರೂ ಹೊರಬರದೆ ನಿಂತದ್ದು ಅವರೇ. 2015ರಲ್ಲಿ ಜನ ಆ ಪಕ್ಷವನ್ನು 57 ಸ್ಥಾನದಿಂದ 8ಕ್ಕೆ ಇಳಿಸಿದರು.

ಮಾತು ಬದಲಿಸುವುದಕ್ಕೂ ಮರ್ಯಾದೆಯ ಒಂದು ಕ್ರಮವಿದೆ ಎಂಬುದನ್ನು ಜರ್ಮನಿಯಲ್ಲಿ ನೋಡಬಹುದು. 2017ರ ಚುನಾವಣೆಯ ರಾತ್ರಿಯೇ ಸೋಷಿಯಲ್ ಡೆಮಾಕ್ರಟ್ ಪಕ್ಷ ತಾನು ವಿರೋಧ ಪಕ್ಷದಲ್ಲಿ ಕೂರುವುದಾಗಿ ಹೇಳಿತು. ಆಗಿನ ಚಾನ್ಸಲರ್ ಆಂಗೆಲಾ ಮೆರ್ಕೆಲ್ ಅವರು ಬೇರೆ ಪಕ್ಷಗಳೊಡನೆ ನಡೆಸಿದ ಮಾತುಕತೆ ಮುರಿದುಬಿದ್ದ ಮೇಲೆ ನಿಲುವು ಬದಲಿಸಿತು. ಆದರೆ ನೂರಾರು ಷರತ್ತುಗಳ, 170ಕ್ಕೂ ಹೆಚ್ಚು ಪುಟಗಳ ಒಪ್ಪಂದವನ್ನು ಬರೆದು, ಪ್ರಕಟಿಸಿ, ನಾಲ್ಕು ಲಕ್ಷಕ್ಕೂ ಹೆಚ್ಚಿನ ತನ್ನ ಸದಸ್ಯರ ಮುಂದಿಟ್ಟು ಅಂಚೆ ಮತದಲ್ಲಿ ಒಪ್ಪಿಗೆ ಕೇಳಿತು. ಮತ ಹಾಕಿದವರಲ್ಲಿ ಶೇ 66ರಷ್ಟು ಮಂದಿ ಒಪ್ಪಿದರು. ಬೇಡ ಎಂದವರ ಪ್ರಚಾರವೂ ಜೋರಾಗಿಯೇ ನಡೆದಿತ್ತು. ಯಾವ ಖಾತೆ ಯಾರಿಗೆ ಎಂಬುದಕ್ಕಿಂತ ಮೊದಲು ಯಾವ ಕೆಲಸ ಎಂದು ಚರ್ಚೆಯಾಗುವ ಮೈತ್ರಿಯನ್ನು ಕುದುರೆ ವ್ಯಾಪಾರದ ಸಾಲಿಗೆ ಸೇರಿಸಬೇಡಿ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ.

ಮತ್ತೆ ಚುನಾವಣೆಗೆ ಹೋಗಬಹುದಲ್ಲ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಸ್ಪೇನ್ 2019ರಲ್ಲಿ ಹಾಗೆಯೇ ಮಾಡಿತು. ಏಪ್ರಿಲ್‌ನಲ್ಲಿ ಪ್ರಧಾನಿ ಪೆದ್ರೊ ಸ್ಯಾಂಚೆಜ್ ಅವರ ಪಕ್ಷಕ್ಕೆ 123, ಎಡಪಂಥೀಯ ಪೊದೆಮೊಸ್ ಕೂಟಕ್ಕೆ 42 ಸ್ಥಾನ ಬಂದವು. ತಿಂಗಳುಗಟ್ಟಲೆ ಮಾತುಕತೆ ನಡೆದು ಮುರಿಯಿತು. ಅವರನ್ನು ಸರ್ಕಾರದಲ್ಲಿಟ್ಟುಕೊಂಡರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ ಎಂಬರ್ಥದ ಮಾತನ್ನು ಸ್ಯಾಂಚೆಜ್ ಆಡಿದರು. ನವೆಂಬರ್ 10ರಂದು ದೇಶ ಮತ್ತೆ ಮತಗಟ್ಟೆಯ ಮುಂದೆ ಸಾಲು ನಿಂತಿತು. ಸ್ಯಾಂಚೆಜ್ 120ಕ್ಕೆ, ಪೊದೆಮೊಸ್ 35ಕ್ಕೆ ಇಳಿದವು. ಎರಡು ದಿನಗಳಲ್ಲಿ ಸ್ಯಾಂಚೆಜ್ ಮತ್ತು ಪೊದೆಮೊಸ್ ನಾಯಕ ಅಪ್ಪಿಕೊಂಡು, ಮೊದಲು ಆಗದಿದ್ದ ಮೈತ್ರಿಯ ಒಪ್ಪಂದಕ್ಕೆ ಸಹಿ ಹಾಕಿದರು. ಇಡೀ ದೇಶವನ್ನು ಮತ್ತೊಮ್ಮೆ ಸಾಲಿನಲ್ಲಿ ನಿಲ್ಲಿಸಿ ಪಡೆದದ್ದು ಹತ್ತು ಸ್ಥಾನ ಕಡಿಮೆಯಾದ ಅದೇ ಮೈತ್ರಿ. ಸದನದಲ್ಲಿ ಅದು ಗೆದ್ದದ್ದು 167–165ರಲ್ಲಿ, ಎರಡೇ ಮತಗಳಿಂದ. ಜನ ಕೊಟ್ಟ ಉತ್ತರ ಹಿಡಿಸದಿದ್ದಾಗ ಅದೇ ಪ್ರಶ್ನೆಯನ್ನು ಅವರಿಗೇ ತಿರುಗಿ ಕೇಳುವುದನ್ನು ಜನಾದೇಶಕ್ಕೆ ತೋರುವ ಗೌರವ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನಿಮ್ಮ ಪತ್ರದ ಮೂರನೆಯ ಪುಟದಲ್ಲಿ ಗೆರೆ ಎಳೆಯದ ಒಂದು ಸಾಲಿದೆ: ಯಾರ ಜೊತೆ ಹೋಗುವಿರಿ, ಯಾರ ಜೊತೆ ಹೋಗುವುದಿಲ್ಲ ಎಂದು ಪಕ್ಷಗಳು ಮತ ಕೇಳುವ ಮುನ್ನವೇ ಹೇಳಲಿ ಎಂದಿದ್ದೀರಿ. ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಸ್ವೀಡನ್ನಿನಲ್ಲಿ 2006ರಲ್ಲಿ ನಾಲ್ಕು ಪಕ್ಷಗಳು ಒಂದೇ ಪ್ರಣಾಳಿಕೆ ಹಿಡಿದು ಜನರ ಮುಂದೆ ಹೋಗಿ ಗೆದ್ದು ಬಂದವು. ಚುನಾವಣೆಗೆ ಮೊದಲೇ ಹೀಗೆ ಮಾತು ಕೊಟ್ಟು ಉಳಿಸಿಕೊಂಡ ಮೈತ್ರಿಗಳ ಬಗ್ಗೆ ಒಂದು ಲೇಖನ ಬರೆಯಿಸುತ್ತಿದ್ದೇನೆ. ನಿಮ್ಮ ಪತ್ರವನ್ನು ಒಂದಕ್ಷರವೂ ತೆಗೆಯದೆ ಇದೇ ಸಂಚಿಕೆಯ ಎದುರು ಪುಟದಲ್ಲಿ ಪ್ರಕಟಿಸಿದ್ದೇವೆ. ಆ ಸಾಲನ್ನು ದಪ್ಪಕ್ಷರದಲ್ಲಿ ಹಾಕಿದ್ದು ಮಾತ್ರ ನಮ್ಮದು.

ಇತಿ ನಿಮ್ಮ,
ಸಂಪಾದಕ